ವಾರಕ್ಕೆ ಬಂದು ಹೋದ ವಿಲನ್‌ಗಳು, ಅಲ್ಲೇ ಉಳಿದುಬಿಟ್ಟ ಬ್ಯಾಟ್‌ಮನ್

ಕಳೆದ ತಿಂಗಳು ನಮ್ಮ ಗೆಳೆಯರ ಭಾನುವಾರದ ಕೂಟದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಎಂದು ಒಂದಿಬ್ಬರು ಕೇಳಿದರು. ಹೆಚ್ಚುಕಡಿಮೆ ಅಲ್ಲಿ ಆಡಿದ ಹಾಗೇ ಬರೆದಿದ್ದೇನೆ. ನಡುವೆ ದಾರಿ ತಪ್ಪಿದ್ದನ್ನು ತೆಗೆಯಲು ಹೋಗಿಲ್ಲ.

ಎಲ್ಲರಿಗೂ ನಮಸ್ಕಾರ. ಬ್ಯಾಟ್‌ಮನ್ ಆಗದೇ ಹೋದ ಒಬ್ಬನಿಂದ ಶುರು ಮಾಡುತ್ತೇನೆ. 1965ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ಗಾಗಿ ಬ್ಯಾಟ್‌ಮನ್ ಸೀರಿಯಲ್ ತಯಾರಾಗುತ್ತಿದ್ದಾಗ ಎರಡು ಜೋಡಿಗಳ ಸ್ಕ್ರೀನ್ ಟೆಸ್ಟ್ ನಡೆಯಿತು. ಒಂದು ಜೋಡಿಯಲ್ಲಿ ಬ್ಯಾಟ್‌ಮನ್ ಆಗಿ ಆಡಮ್ ವೆಸ್ಟ್, ಅವನ ಜೊತೆಗಾರ ಹುಡುಗ ರಾಬಿನ್ ಆಗಿ ಬರ್ಟ್ ವಾರ್ಡ್. ಇನ್ನೊಂದು ಜೋಡಿಯಲ್ಲಿ ಬ್ಯಾಟ್‌ಮನ್ ಆಗಿ ನಿಂತವನು ಲೈಲ್ ವ್ಯಾಗನರ್. ಎತ್ತರದ ಆಳು, ಒಳ್ಳೆ ದವಡೆ, ನೋಡಿದರೆ ಇವನೇ ಸರಿ ಅನಿಸುವ ಹಾಗಿದ್ದ. ಆದರೆ ಪಾತ್ರ ವೆಸ್ಟ್ ಪಾಲಾಯಿತು. ವ್ಯಾಗನರ್ ಆಮೇಲೆ ಕ್ಯಾರೋಲ್ ಬರ್ನೆಟ್ ಅವರ ಹಾಸ್ಯ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಇದ್ದ, 1975ರಿಂದ 79ರವರೆಗೆ ವಂಡರ್ ವುಮನ್ ಸೀರಿಯಲ್‌ನಲ್ಲಿ ಸ್ಟೀವ್ ಟ್ರೆವರ್ ಆಗಿದ್ದ. ಅಷ್ಟರಲ್ಲಿ ಅವನಿಗೆ ಒಂದು ವಿಷಯ ಹೊಳೆದಿತ್ತು. ಶೂಟಿಂಗ್ ಜಾಗದಲ್ಲಿ ನಟರು ಕೂರುವ ಕ್ಯಾರವಾನ್ ಇರುತ್ತದಲ್ಲ, ಅದನ್ನು ಯಾರೋ ಬಾಡಿಗೆಗೆ ಕೊಡುತ್ತಾರೆ, ಆ ಯಾರೋ ನಾನೇ ಯಾಕಾಗಬಾರದು? 1979ರಲ್ಲಿ ಸ್ಟಾರ್ ವ್ಯಾಗನ್ಸ್ ಎಂಬ ಕಂಪನಿ ಶುರು ಮಾಡಿದ. ಹಾಲಿವುಡ್‌ನಲ್ಲಿ ಆ ಹೆಸರಿನ ಕ್ಯಾರವಾನ್ ನೋಡದ ನಟರು ಕಡಿಮೆ. ಬ್ಯಾಟ್‌ಮನ್ ಟೆಸ್ಟ್‌ನಲ್ಲಿ ಫೇಲಾದವನು ಮುಂದೆ ಸ್ಟಾರ್‌ಗಳಿಗೆಲ್ಲ ಕೂರಲು ಜಾಗ ಬಾಡಿಗೆಗೆ ಕೊಟ್ಟು ಚೆನ್ನಾಗಿಯೇ ಬದುಕಿದ.

ಪಾಸಾದವನ ಕತೆ ಅಷ್ಟು ಸಲೀಸಾಗಿ ಹೋಗಲಿಲ್ಲ.

ಇಲ್ಲಿ ಕೂತಿರುವ ಚಿಕ್ಕ ವಯಸ್ಸಿನವರಿಗೆ ಬ್ಯಾಟ್‌ಮನ್ ಅಂದರೆ ಕತ್ತಲೆ, ಮಳೆ, ಗೊಗ್ಗರು ದನಿಯಲ್ಲಿ ಮಾತಾಡುವ ಮನುಷ್ಯ. ನಾನು ಹೇಳುತ್ತಿರುವುದು ಅದಲ್ಲ. 1966ರ ಜನವರಿ 12ರಂದು ಶುರುವಾಗಿ 1968ರ ಮಾರ್ಚ್ 14ಕ್ಕೆ ಮುಗಿದ, ಮೂರು ಸೀಸನ್, 120 ಕಂತುಗಳ ಬಣ್ಣಬಣ್ಣದ ಸೀರಿಯಲ್. ಹೊಡೆದಾಟ ಬಂದಾಗ ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಪೌ, ಬ್ಯಾಮ್ ಎಂದು ಬರುತ್ತಿತ್ತಲ್ಲ, ಅದೇ. ಮೊದಲ ಎರಡು ಸೀಸನ್ ವಾರಕ್ಕೆ ಎರಡು ದಿನ. ಬುಧವಾರ ಬ್ಯಾಟ್‌ಮನ್ ಮತ್ತು ರಾಬಿನ್ ಯಾವುದೋ ಗರಗಸದ ಕೆಳಗೋ ಕಾಯಿಸಿದ ಎಣ್ಣೆಯ ಮೇಲೋ ಸಿಕ್ಕಿಬೀಳಬೇಕು, ಗುರುವಾರ ತಪ್ಪಿಸಿಕೊಳ್ಳಬೇಕು. ನಾಳೆ ಇದೇ ಹೊತ್ತಿಗೆ ನೋಡಿ ಎಂದು ಗಾಬರಿಯ ದನಿಯಲ್ಲಿ ಹೇಳುತ್ತಿದ್ದವನು ನಿರ್ಮಾಪಕ ವಿಲಿಯಂ ಡೋಜಿಯರ್ ಸ್ವತಃ. ಬೇರೆಯವರಿಗೆ ದುಡ್ಡು ಕೊಡುವುದು ಯಾಕೆ ಅಂತಲೋ ಏನೋ.

ಈ ಸೀರಿಯಲ್ ಬಗ್ಗೆ ಬಹಳ ದಿನದಿಂದ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಇದರಲ್ಲಿ ಪಾತ್ರ ಮಾಡಿದವರಲ್ಲಿ ಕೆಲವರನ್ನು ಆ ವೇಷ ಸಾಯುವವರೆಗೂ ಬಿಡಲಿಲ್ಲ, ಕೆಲವರು ಬೆಳಗಿನ ಜಾವ ಬಣ್ಣ ತೊಳೆದುಕೊಂಡ ಯಕ್ಷಗಾನದವರ ಹಾಗೆ ಆರಾಮಾಗಿ ಎದ್ದು ಮುಂದಿನ ಊರಿಗೆ ಹೋದರು. ಯಾಕೆ? ಅದೃಷ್ಟ ಎಂದುಬಿಡಬಹುದು, ಆದರೆ ಸ್ವಲ್ಪ ಕೆದಕಿದರೆ ಬೇರೆಯೇ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಅದು ಬಹುಪಾಲು ಕಾಲ್‌ಶೀಟ್‌ನ ಕತೆ.

ವೆಸ್ಟ್ ಹುಟ್ಟಿದ್ದು 1928ರಲ್ಲಿ, ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಎಂಬ ಊರಲ್ಲಿ. (ಆ ಊರಿನ ಹೆಸರು ನಾನು ಕಟ್ಟಿದ್ದಲ್ಲ.) ನಿಜವಾದ ಹೆಸರು ವಿಲಿಯಂ ವೆಸ್ಟ್ ಆಂಡರ್ಸನ್. ಹವಾಯಿಯಲ್ಲಿ ಒಂದು ಚಿಂಪಾಂಜಿ ಜೊತೆ ಮಕ್ಕಳ ಟಿವಿ ಕಾರ್ಯಕ್ರಮ ಮಾಡಿದ, ಹಾಲಿವುಡ್‌ಗೆ ಬಂದು ಕೌಬಾಯ್ ಸೀರಿಯಲ್‌ಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ, 1964ರಲ್ಲಿ ಮಂಗಳ ಗ್ರಹದ ರಾಬಿನ್ಸನ್ ಕ್ರೂಸೋ ಸಿನಿಮಾದಲ್ಲಿ ಬೇಗ ಸಾಯುವ ಗಗನಯಾತ್ರಿಯಾದ. ವರ್ಷಗಟ್ಟಲೆ ಹೀಗೇ. ಡೋಜಿಯರ್ ಕಣ್ಣಿಗೆ ಬಿದ್ದಿದ್ದು ಯಾವುದರಿಂದ ಗೊತ್ತಾ? ಹಾಲಿಗೆ ಹಾಕಿಕೊಳ್ಳುವ ಚಾಕೊಲೇಟ್ ಪುಡಿಯ ಜಾಹೀರಾತಿನಿಂದ. ನೆಸ್ಲೆ ಕ್ವಿಕ್ ಜಾಹೀರಾತಿನಲ್ಲಿ ಜೇಮ್ಸ್ ಬಾಂಡ್ ಥರದ ಒಬ್ಬ ಗೂಢಚಾರನನ್ನು ಅಣಕಿಸುತ್ತಾ, ಒಂಚೂರೂ ನಗದೆ, ಬಹಳ ಗಂಭೀರವಾಗಿ ಆ ಪುಡಿಯ ಬಗ್ಗೆ ಮಾತಾಡಿದ್ದ.

ಆ ನಗದೇ ಇರುವುದೇ ಪಾತ್ರಕ್ಕೆ ಬೇಕಾಗಿದ್ದ ಮುಖ್ಯ ಗುಣ. ಬರಹಗಾರ ಲೊರೆಂಜೊ ಸೆಂಪಲ್ ಕಟ್ಟಿದ ಲೋಕ ಹೇಗಿತ್ತೆಂದರೆ, ಮಕ್ಕಳು ಅದನ್ನು ನಿಜ ಎಂದು ನೋಡಬೇಕು, ಪಕ್ಕದಲ್ಲಿ ಕೂತ ಅಪ್ಪ ಅಮ್ಮ ಅದನ್ನೇ ತಮಾಷೆ ಎಂದು ನೋಡಬೇಕು. ನಾಯಕ ಒಂದು ಸಲ ತುಟಿ ಕೊಂಕಿಸಿದರೂ ಎರಡೂ ಕೆಡುತ್ತದೆ. 1966ರಲ್ಲೇ ಬಂದ ಸಿನಿಮಾ ರೂಪದಲ್ಲಿ ವೆಸ್ಟ್ ಹೆಲಿಕಾಪ್ಟರ್ ಏಣಿಗೆ ನೇತಾಡುತ್ತಿರುತ್ತಾನೆ, ಕಾಲಿಗೆ ಶಾರ್ಕ್ ಕಚ್ಚಿಕೊಂಡಿರುತ್ತದೆ, ರಾಬಿನ್‌ಗೆ ಮೇಲಿಂದ ಶಾರ್ಕ್ ಓಡಿಸುವ ಸ್ಪ್ರೇ ಕೊಡು ಎನ್ನುತ್ತಾನೆ. ಅದು ರಬ್ಬರ್ ಶಾರ್ಕ್ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅವನ ಮುಖ ನೋಡಿದರೆ ಅವನೊಬ್ಬನಿಗೆ ಮಾತ್ರ ಗೊತ್ತಿಲ್ಲ. ಇದು ಸುಲಭ ಅಂದುಕೊಂಡವರು ಮನೆಯಲ್ಲಿ ಕನ್ನಡಿ ಮುಂದೆ ಒಂದು ಸಲ ಮಾಡಿ ನೋಡಿ.

ತೊಂದರೆ ಎಂದರೆ, ಈ ಥರದ ನಟನೆ ನಟನೆ ಎಂದು ಕಾಣುವುದೇ ಇಲ್ಲ. ಟಿವಿಗೆ ಕೊಡುವ 1966ರ ಎಮ್ಮಿ ಪ್ರಶಸ್ತಿಗೆ ಹಾಸ್ಯ ವಿಭಾಗದಲ್ಲಿ ಈ ಸೀರಿಯಲ್ ನಾಮನಿರ್ದೇಶನ ಪಡೆಯಿತು. ರಿಡ್ಲರ್ ಎಂಬ ವಿಲನ್ ಆಗಿ ಕುಣಿದು ಕುಪ್ಪಳಿಸಿದ ಫ್ರಾಂಕ್ ಗೋರ್ಶಿನ್ ಕೂಡ ನಾಮನಿರ್ದೇಶನ ಪಡೆದ. ವೆಸ್ಟ್ ಹೆಸರು ಅಲ್ಲಿರಲಿಲ್ಲ. ಮರದ ಹಾಗೆ ನಿಂತಿದ್ದಾನೆ ಎಂದುಕೊಂಡರೋ ಏನೋ. ಎದುರಿಗೆ ಮರದ ಹಾಗೆ ಒಬ್ಬ ನಿಂತಿದ್ದರಿಂದಲೇ ಗೋರ್ಶಿನ್ ಕುಣಿತಕ್ಕೆ ಕಳೆ ಬಂದಿದ್ದು, ಅಲ್ವಾ?

ಈಗ ಕಾಲ್‌ಶೀಟ್ ವಿಷಯಕ್ಕೆ ಬರುತ್ತೇನೆ. ಮೊದಲ ಸೀಸನ್ 34 ಕಂತು, ಎರಡನೆಯದು 60, ಮೂರನೆಯದು 26. ಅರವತ್ತು ಕಂತು ಒಂದೇ ಸೀಸನ್‌ನಲ್ಲಿ! ವೆಸ್ಟ್ ಮತ್ತು ವಾರ್ಡ್ ಇವೆಲ್ಲದರಲ್ಲೂ ಇರಬೇಕು, ಅದರ ನಡುವೆ ಸಿನಿಮಾ ಬೇರೆ. ವಿಲನ್‌ಗಳದು ಹಾಗಲ್ಲ. ಬಂದು, ಬಣ್ಣ ಹಚ್ಚಿಕೊಂಡು, ತಮ್ಮ ಒಂದು ಕತೆ ಮುಗಿಸಿ ಹೋಗುವುದು. ಹೆಚ್ಚು ಸಲ ಬಂದ ಜೋಕರ್, ಪೆಂಗ್ವಿನ್ ಕೂಡ ಇಪ್ಪತ್ತರ ಆಸುಪಾಸಿನ ಕಂತುಗಳಲ್ಲಿ ಇದ್ದಾರೆ ಅಷ್ಟೆ. ರಿಡ್ಲರ್ ಆಗಿ ಗೋರ್ಶಿನ್ ಹತ್ತರ ಆಸುಪಾಸು. ಎರಡನೇ ಸೀಸನ್‌ನಲ್ಲಿ ಸಂಬಳದ ತಕರಾರಿನಿಂದ ಗೋರ್ಶಿನ್ ಬರಲಿಲ್ಲ, ಒಂದು ಕತೆಗೆ ಜಾನ್ ಆಸ್ಟಿನ್‌ಗೆ ಅದೇ ಹಸಿರು ಬಟ್ಟೆ ತೊಡಿಸಿದರು. ಮಿಸ್ಟರ್ ಫ್ರೀಜ್ ಪಾತ್ರವನ್ನಂತೂ ಮೂರು ಜನ ಮಾಡಿದರು: ಜಾರ್ಜ್ ಸ್ಯಾಂಡರ್ಸ್, ಒಟ್ಟೊ ಪ್ರೆಮಿಂಜರ್, ಎಲೈ ವಾಲಕ್. ಇದರಲ್ಲಿ ಪ್ರೆಮಿಂಜರ್ ನಟನಿಗಿಂತ ಹೆಚ್ಚಾಗಿ ದೊಡ್ಡ ನಿರ್ದೇಶಕ. ವಿಲನ್ ವೇಷ ಅಲ್ಲಿ ಮೊಳೆಗೆ ನೇತುಹಾಕಿದ ಕೋಟಿನ ಹಾಗಿತ್ತು, ಯಾರು ಬೇಕಾದರೂ ತೊಟ್ಟು ಬಿಚ್ಚಬಹುದಿತ್ತು.

ಮತ್ತೆ ಈ ವಿಲನ್‌ಗಳು ಯಾರು? ಎಲ್ಲರೂ ಹಳೇ ಹುಲಿಗಳು. ಪೆಂಗ್ವಿನ್ ಆದ ಬರ್ಜೆಸ್ ಮೆರಿಡಿತ್ 1930ರ ದಶಕದಲ್ಲೇ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಹೆಸರು. 1939ರಲ್ಲಿ ಸ್ಟೈನ್‌ಬೆಕ್ ಕತೆಯ ಸಿನಿಮಾದಲ್ಲಿ ಜಾರ್ಜ್ ಪಾತ್ರ ಮಾಡಿದ್ದ. 50ರ ದಶಕದಲ್ಲಿ ಕಮ್ಯುನಿಸ್ಟರ ಮೇಲಿನ ಬೇಟೆ ನಡೆದಾಗ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡು, ಮತ್ತೆ ಎದ್ದು ಬಂದವನು. ಅಂಥವನಿಗೆ ರಬ್ಬರ್ ಮೂಗು, ಕೋಲಿನಲ್ಲಿ ಸಿಕ್ಕಿಸಿದ ಸಿಗರೇಟು ಏನು ಮಾಡೀತು? ಆ ಸಿಗರೇಟಿನದೂ ಒಂದು ಕತೆ ಇದೆ. ಮೆರಿಡಿತ್ ಧೂಮಪಾನ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಹೊಗೆ ಗಂಟಲಿಗೆ ಹೋದರೆ ಕೆಮ್ಮು ಬರುತ್ತಿತ್ತು, ಶಾಟ್ ಹಾಳಾಗುತ್ತಿತ್ತು. ಕೆಮ್ಮನ್ನು ಮುಚ್ಚಲು ಬಾತುಕೋಳಿಯ ಹಾಗೆ ಕ್ವಾಕ್ ಕ್ವಾಕ್ ಎಂದು ಸದ್ದು ಮಾಡಿದ. ಪೆಂಗ್ವಿನ್ ನಗು ಹುಟ್ಟಿದ್ದು ಹಾಗೆ. ಇಷ್ಟು ಖುಷಿಯಾಗಿ ಆಡಿ ಹೋದವನಿಗೆ ಸೀರಿಯಲ್ ಮುಗಿದು ಹತ್ತು ವರ್ಷವೂ ಆಗುವ ಮೊದಲೇ ಎರಡು ಆಸ್ಕರ್ ನಾಮನಿರ್ದೇಶನ ಬಂತು. ಎರಡನೆಯದು 1976ರ ರಾಕಿಯಲ್ಲಿ ಮುದಿ ಬಾಕ್ಸಿಂಗ್ ತರಬೇತುದಾರ ಮಿಕ್ಕಿ ಪಾತ್ರಕ್ಕೆ. ಮಿಕ್ಕಿಯನ್ನು ನೋಡುವಾಗ ಯಾರಿಗೂ ಪೆಂಗ್ವಿನ್ ನೆನಪಾಗುವುದಿಲ್ಲ.

ಗೋರ್ಶಿನ್ ವಯಸ್ಸಿನಲ್ಲಿ ಇವರಿಗಿಂತ ತುಂಬ ಚಿಕ್ಕವನು, ಆದರೆ ಅವನ ಹೊಟ್ಟೆಪಾಡು ಬೇರೆ ಕಡೆ ಇತ್ತು. ಅವನು ಮಿಮಿಕ್ರಿ ಕಲಾವಿದ. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಶೋನಲ್ಲಿ ಬೀಟಲ್ಸ್ ಮೊದಲ ಸಲ ಹಾಡಿದರಲ್ಲ, ಅಮೆರಿಕದಲ್ಲಿ 7 ಕೋಟಿಗೂ ಹೆಚ್ಚು ಜನ ನೋಡಿದ ಆ ರಾತ್ರಿ, ಅದೇ ವೇದಿಕೆಯಲ್ಲಿ ಗೋರ್ಶಿನ್ ಕೂಡ ಇದ್ದ. ಪಾಪ, ಅವನನ್ನು ಯಾರು ಕೇಳಬೇಕು. ರಿಡ್ಲರ್‌ಗೆ ಮೊದಲು ಕೊಟ್ಟಿದ್ದು ಮೈಗಂಟಿದ ಹಸಿರು ಬಟ್ಟೆ. ಅದು ಅವನಿಗೆ ಹಿಡಿಸಲಿಲ್ಲ, ಪ್ರಶ್ನಾರ್ಥಕ ಚಿಹ್ನೆ ತುಂಬಿದ ಕೋಟು, ಹ್ಯಾಟು ಬಂದಿದ್ದು ಅವನ ಹಟದಿಂದ. ಸೀರಿಯಲ್ ನಂತರ ಕ್ಲಬ್‌ಗಳಲ್ಲಿ ಮಿಮಿಕ್ರಿ ಮಾಡಿಕೊಂಡು ನೆಮ್ಮದಿಯಾಗಿದ್ದ. ಎಪ್ಪತ್ತರ ಹತ್ತಿರ ಬಂದಾಗ, 2002ರಲ್ಲಿ, ಬ್ರಾಡ್‌ವೇಯಲ್ಲಿ ಹಾಸ್ಯಗಾರ ಜಾರ್ಜ್ ಬರ್ನ್ಸ್ ಆಗಿ ಒಬ್ಬನೇ ಇಡೀ ನಾಟಕ ನಡೆಸಿದ. 2005ರ ಮೇ 17ರಂದು ತೀರಿಕೊಂಡ. ಅವನು ಕಡೆಯದಾಗಿ ನಟಿಸಿದ್ದ ಟಿವಿ ಕಂತು ಪ್ರಸಾರವಾಗಿದ್ದು ಅದಾದ ಎರಡು ದಿನಕ್ಕೆ.

ಜೋಕರ್ ಆದ ಸೀಸರ್ ರೊಮೆರೊ ಬಗ್ಗೆ ಕೊನೆಗೆ ಹೇಳುತ್ತೇನೆ. ಅವನ ಮೀಸೆಗೆ ಪ್ರತ್ಯೇಕ ಸಮಯ ಬೇಕು.

ರಾಬಿನ್ ವಿಷಯ. ಬರ್ಟ್ ವಾರ್ಡ್‌ಗೆ ಆಗ ಇಪ್ಪತ್ತು ವರ್ಷ. ನಟನೆಯ ಅನುಭವ ಸೊನ್ನೆ. ಕರಾಟೆ ಗೊತ್ತಿತ್ತು, ಓದಿನ ಜೊತೆಗೆ ಮನೆ ಮಾರಿಸುವ ಬ್ರೋಕರ್ ಕೆಲಸ ಮಾಡುತ್ತಿದ್ದ. ಸಂಬಳ ವಾರಕ್ಕೆ 350 ಡಾಲರ್ ಇತ್ತೆಂದು ಅವನೇ ಹೇಳಿಕೊಂಡಿದ್ದಾನೆ. ಅವನು ಹೇಳುವ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಬ್ಯಾಟ್‌ಮನ್‌ಗೆ ತಲೆಯಿಂದ ಮೂಗಿನವರೆಗೆ ಮುಸುಕು, ಹಾಗಾಗಿ ಅಪಾಯದ ಶಾಟ್‌ಗೆ ಡ್ಯೂಪ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ರಾಬಿನ್‌ಗೆ ಕಣ್ಣ ಸುತ್ತ ಒಂದು ಪಟ್ಟಿ ಮಾತ್ರ. ಡ್ಯೂಪ್ ಹಾಕಿದರೆ ಸಿಕ್ಕಿಬೀಳುತ್ತಾರೆ. ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯಲ್ಲಿ ಒಂದು ಗುಹೆ ಇದೆ, ಬ್ಯಾಟ್‌ಮೊಬೈಲ್ ಹೊರಗೆ ನುಗ್ಗುವ ದೃಶ್ಯ ತೆಗೆದಿದ್ದು ಅಲ್ಲೇ. ಕಾರು ಜೋರಾಗಿ ತಿರುಗಿದಾಗ ವಾರ್ಡ್ ಪಕ್ಕದ ಬಾಗಿಲು ತೆರೆದುಕೊಂಡಿತು, ಬೀಳುವುದರಿಂದ ಹೇಗೋ ಬಚಾವಾದ, ಕೈಬೆರಳು ಕೀಲು ತಪ್ಪಿತು. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದವನು ಯಾರು ಎಂದು ನೋಡಿದರೆ ವೆಸ್ಟ್ ಅಲ್ಲ, ಡ್ಯೂಪ್. ವೆಸ್ಟ್ ಆಚೆ ಕೂತು ಕಾಫಿ ಕುಡಿಯುತ್ತಿದ್ದನಂತೆ.

1967ರಲ್ಲಿ ಬಂದ ದಿ ಗ್ರಾಜುಯೇಟ್ ಸಿನಿಮಾಗೆ ತನ್ನನ್ನು ಕೇಳಿದ್ದರು, ಸ್ಟುಡಿಯೋ ಬಿಡಲಿಲ್ಲ ಎಂದು ವಾರ್ಡ್ ಹೇಳುತ್ತಾನೆ. ಬಾಂಡ್ ಪಾತ್ರ ನನ್ನ ಮುಂದೆ ಬಂದಿತ್ತು, ಅದು ಬ್ರಿಟಿಷರು ಮಾಡಬೇಕಾದದ್ದು ಎಂದು ಬೇಡ ಅಂದೆ ಎಂದು ವೆಸ್ಟ್ ಹೇಳಿದ್ದಾನೆ. ಇವೆರಡೂ ಅವರವರ ಮಾತು. ಸಿಕ್ಕದೇ ಹೋದ ಪಾತ್ರಗಳ ಬಗ್ಗೆ ನಟರು ಹೇಳುವುದನ್ನು ನಾನು ಕೈತಪ್ಪಿದ ಸೈಟುಗಳ ಬಗ್ಗೆ ಬೆಂಗಳೂರಿನವರು ಹೇಳುವ ಮಾತಿನ ಜೊತೆ ಇಡುತ್ತೇನೆ. ಸುಳ್ಳು ಅನ್ನಲ್ಲ, ಸ್ವಲ್ಪ ಉಪ್ಪು ಜಾಸ್ತಿ ಇರುತ್ತದೆ.

ಸೈಟು ಅಂದಾಗ ನೆನಪಾಯಿತು. ಈ ಸೀರಿಯಲ್‌ನ ಹೆಂಗಸರಲ್ಲಿ ಇಬ್ಬರು ಆಮೇಲೆ ರಿಯಲ್ ಎಸ್ಟೇಟ್‌ಗೆ ಇಳಿದರು. ಒಬ್ಬಳು ಬ್ಯಾಟ್‌ಗರ್ಲ್ ಆದ ಇವಾನ್ ಕ್ರೇಗ್. ಇನ್ನೊಬ್ಬಳು ಕ್ಯಾಟ್‌ವುಮನ್ ಎಂಬ ವಿಲನ್ ಆದ ಜೂಲಿ ನ್ಯೂಮರ್.

ನ್ಯೂಮರ್ 1959ರಲ್ಲೇ ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದವಳು. ಕ್ಯಾಟ್‌ವುಮನ್ ಪಾತ್ರಕ್ಕೆ ಫೋನ್ ಬಂದಾಗ ಆಕೆಗೆ ಬ್ಯಾಟ್‌ಮನ್ ಎಂದರೆ ಏನೂ ಗೊತ್ತಿರಲಿಲ್ಲ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಆಕೆಯ ತಮ್ಮ, ಗೆಳೆಯರ ಜೊತೆ ಮನೆಗೆ ಬಂದಿದ್ದ, ಬ್ಯಾಟ್‌ಮನ್ ಎಂದು ಕೇಳಿದ್ದೇ ಸೋಫಾದಿಂದ ಜಿಗಿದೆದ್ದು ಅಕ್ಕನನ್ನು ಒಪ್ಪಿಸಿದ. ಆ ಕಪ್ಪು ಉಡುಪನ್ನು ತನ್ನ ಮೈಗೆ ತಕ್ಕಂತೆ ತಿದ್ದಿಕೊಂಡವಳೂ ಆಕೆಯೇ. 70ರ ದಶಕದಲ್ಲಿ ಒಂದು ಪೇಟೆಂಟ್ ಪಡೆದಳು. ಯಾವುದಕ್ಕೆ? ಹೆಂಗಸರು ಸ್ಕರ್ಟ್ ಕೆಳಗೆ ಹಾಕುವ ಪ್ಯಾಂಟಿಹೋಸ್‌ಗೆ. ಹಿಂಭಾಗದ ಆಕಾರ ಚೆನ್ನಾಗಿ ಕಾಣುವ ಹಾಗೆ ಒಂದು ಪಟ್ಟಿ ಸೇರಿಸಿದ್ದಳು. ಬಟ್ಟೆ ಮೈಮೇಲೆ ಹೇಗೆ ಕೂರಬೇಕು ಎಂಬುದು ಆಕೆಗೆ ಕ್ಯಾಟ್‌ವುಮನ್ ಕಾಲದಿಂದಲೂ ಗೊತ್ತಿತ್ತು.

ಕ್ರೇಗ್ ಬಂದಿದ್ದು ಮೂರನೇ ಸೀಸನ್‌ಗೆ. ಆ ಹೊತ್ತಿಗೆ ಜನ ನೋಡುವುದು ಕಡಿಮೆಯಾಗಿತ್ತು, ಸೀರಿಯಲ್ ವಾರಕ್ಕೆ ಒಂದೇ ದಿನಕ್ಕೆ ಇಳಿದಿತ್ತು, ಹೊಸ ಮುಖ ಬೇಕಿತ್ತು. ಮೂಲದಲ್ಲಿ ಆಕೆ ಬ್ಯಾಲೆ ನರ್ತಕಿ, ಬ್ಯಾಲೆ ರೂಸ್ ದ ಮಾಂಟೆ ಕಾರ್ಲೋ ತಂಡದಲ್ಲಿದ್ದವಳು. ಎಲ್ವಿಸ್ ಪ್ರೆಸ್ಲಿ ಜೊತೆ ಎರಡು ಸಿನಿಮಾ ಮಾಡಿದ್ದಳು. ಬ್ಯಾಟ್‌ಗರ್ಲ್ ಹೊಡೆದಾಟ ನೋಡಿದರೆ ಗುದ್ದುವುದು ಕಡಿಮೆ, ಕಾಲೆತ್ತಿ ಒದೆಯುವುದು ಜಾಸ್ತಿ. ಅದು ಬ್ಯಾಲೆ. 1969ರಲ್ಲಿ ಸ್ಟಾರ್ ಟ್ರೆಕ್‌ನಲ್ಲಿ ಮೈಯೆಲ್ಲ ಹಸಿರು ಬಣ್ಣ ಬಳಿದುಕೊಂಡು ಒಂದು ಕಂತು ಮಾಡಿದಳು, ಆಮೇಲೆ ಅವಕಾಶಗಳು ಬತ್ತಿದವು.

ಆದರೆ ಆಕೆಯ ಒಂದು ಒಂದೇ ನಿಮಿಷದ ಕೆಲಸವನ್ನು ನಾನು ಇಡೀ ಸೀರಿಯಲ್‌ಗಿಂತ ಮೇಲೆ ಇಡುತ್ತೇನೆ. 70ರ ದಶಕದ ಮೊದಲಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಸಮಾನ ವೇತನ ಕಾನೂನಿನ ಬಗ್ಗೆ ಒಂದು ಟಿವಿ ಪ್ರಕಟಣೆ ಮಾಡಿತು. ಬ್ಯಾಟ್‌ಮನ್, ರಾಬಿನ್ ಇಬ್ಬರನ್ನೂ ಕಟ್ಟಿಹಾಕಲಾಗಿದೆ, ಪಕ್ಕದಲ್ಲಿ ಬಾಂಬ್ ಟಿಕ್ ಟಿಕ್ ಅನ್ನುತ್ತಿದೆ. ಬ್ಯಾಟ್‌ಗರ್ಲ್ ಬರುತ್ತಾಳೆ. ಬಿಡಿಸುವುದಿಲ್ಲ! ನಿಂತು ಸಂಬಳದ ಮಾತೆತ್ತುತ್ತಾಳೆ. ನಾನೂ ನಿನ್ನ ಹತ್ತಿರ ಇಷ್ಟು ದಿನದಿಂದ ಕೆಲಸ ಮಾಡುತ್ತಿದ್ದೇನೆ, ರಾಬಿನ್‌ಗಿಂತ ನನಗೆ ಕಡಿಮೆ ಯಾಕೆ ಎನ್ನುತ್ತಾಳೆ. ಬ್ಯಾಟ್‌ಮನ್ ಇದು ತಮಾಷೆಯ ಹೊತ್ತಲ್ಲ ಎನ್ನುತ್ತಾನೆ. ಬಾಂಬ್ ಟಿಕ್ ಟಿಕ್. ಇದರಲ್ಲಿ ರಾಬಿನ್ ವಾರ್ಡೇ, ಆದರೆ ಬ್ಯಾಟ್‌ಮನ್ ವೆಸ್ಟ್ ಅಲ್ಲ, ಡಿಕ್ ಗೋಟಿಯೆ ಎಂಬ ಬೇರೆ ನಟ. ಯಾಕೆಂದರೆ ವೆಸ್ಟ್ ಆಗ ಆ ಮುಸುಕಿನಿಂದ ದೂರ ಓಡಲು ನೋಡುತ್ತಿದ್ದ. ಕ್ರೇಗ್‌ಗೆ ಹಾಗೇನೂ ಅನಿಸಲಿಲ್ಲ. ಮುಸುಕು ಮತ್ತೆ ಹಾಕಿಕೊಂಡಳು, ಕೆಲಸಕ್ಕೆ ಬರುವ ಮಾತು ಹೇಳಿದಳು, ತೆಗೆದಿಟ್ಟಳು. 2015ರಲ್ಲಿ 78ನೇ ವಯಸ್ಸಿನಲ್ಲಿ ತೀರಿಕೊಂಡಳು.

ಇನ್ನು ಗಾಯಕಿ ಅರ್ಥಾ ಕಿಟ್. ನ್ಯೂಮರ್ ಬೇರೆ ಸಿನಿಮಾಗೆ ಹೋದಳು, ಮೂರನೇ ಸೀಸನ್‌ನಲ್ಲಿ ಕ್ಯಾಟ್‌ವುಮನ್ ಆಗಿ ಕಿಟ್ ಬಂದಳು. 1967ರಲ್ಲಿ ಕಪ್ಪು ಹೆಣ್ಣೊಬ್ಬಳು ಅಮೆರಿಕದ ಟಿವಿಯಲ್ಲಿ ಅಷ್ಟು ಠೀವಿಯಿಂದ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಓಡಾಡುವುದು ಸಣ್ಣ ವಿಷಯ ಅಲ್ಲ. ಆಕೆಯ ವೃತ್ತಿಗೆ ಪೆಟ್ಟು ಬಿದ್ದಿದ್ದು ನಿಜ, ಆದರೆ ಅದನ್ನು ಈ ಸೀರಿಯಲ್ ಖಾತೆಗೆ ಬರೆಯಬೇಡಿ. 1968ರ ಜನವರಿ 18ರಂದು ಅಧ್ಯಕ್ಷ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಶ್ವೇತಭವನದಲ್ಲಿ ಒಂದು ಊಟಕ್ಕೆ ಕರೆದಿದ್ದರು. ವಿಷಯ, ಹುಡುಗರಲ್ಲಿ ಅಪರಾಧ ಹೆಚ್ಚುತ್ತಿರುವುದು ಯಾಕೆ ಎಂದು. ಎಲ್ಲರೂ ಬೀದಿದೀಪ, ಹೂಗಿಡ ಎನ್ನುವಂಥ ಮಾತಾಡುತ್ತಿದ್ದಾಗ ಕಿಟ್ ಎದ್ದು ನಿಂತು, ಈ ದೇಶದ ಒಳ್ಳೊಳ್ಳೆ ಹುಡುಗರನ್ನು ವಿಯೆಟ್ನಾಂಗೆ ಸಾಯಲು ಕಳಿಸುತ್ತಿದ್ದೀರಿ, ಅದಕ್ಕೇ ಅವರು ದಂಗೆ ಏಳುತ್ತಿದ್ದಾರೆ ಎಂಬರ್ಥದಲ್ಲಿ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು. ಅಲ್ಲಿಂದ ಅಮೆರಿಕದಲ್ಲಿ ಆಕೆಗೆ ಕೆಲಸ ಸಿಗುವುದು ನಿಂತಿತು. ಸಿಐಎ ಆಕೆಯ ಮೇಲೆ ಕಡತ ಇಟ್ಟಿತ್ತು ಎಂಬುದು 1975ರಲ್ಲಿ ಪತ್ರಿಕೆಯಲ್ಲಿ ಬಂತು. ಯುರೋಪಿನಲ್ಲಿ ಹಾಡಿಕೊಂಡು ಬದುಕಿದಳು. 1978ರಲ್ಲಿ ಟಿಂಬಕ್ಟು ಎಂಬ ಸಂಗೀತ ನಾಟಕದ ಮೂಲಕ ಬ್ರಾಡ್‌ವೇಗೆ ಮರಳಿದಳು, ಅದೇ ವರ್ಷ ಅಧ್ಯಕ್ಷ ಕಾರ್ಟರ್ ಶ್ವೇತಭವನಕ್ಕೆ ಮತ್ತೆ ಕರೆದರು. ಕತೆಯೊಳಗಿನ ಕ್ಯಾಟ್‌ವುಮನ್‌ಗೆ ಬ್ಯಾಟ್‌ಮನ್ ಊರಾದ ಗಾಥಮ್‌ನ ಪೊಲೀಸರಿಂದ ಇಷ್ಟು ಕಷ್ಟ ಆಗಿರಲಿಲ್ಲ.

ಮತ್ತೆ ವೆಸ್ಟ್ ಹತ್ತಿರ ಬರೋಣ. 1968ರ ಮಾರ್ಚ್‌ನಲ್ಲಿ ಎಬಿಸಿ ಸೀರಿಯಲ್ ನಿಲ್ಲಿಸಿತು. ಎನ್‌ಬಿಸಿ ಚಾನೆಲ್ ಮುಂದುವರಿಸಲು ಆಸಕ್ತಿ ತೋರಿಸಿತ್ತು, ಆದರೆ ಅಷ್ಟರಲ್ಲಿ ಬ್ಯಾಟ್‌ಗುಹೆಯ ಸೆಟ್ ಕೆಡವಿಯಾಗಿತ್ತು ಎಂದು ಹೇಳುತ್ತಾರೆ. ಸೀರಿಯಲ್ ನಿಂತಿತು, ಪ್ರಸಾರ ನಿಲ್ಲಲಿಲ್ಲ. ಊರೂರಿನ ಸ್ಟೇಷನ್‌ಗಳು ಮತ್ತೆ ಮತ್ತೆ ತೋರಿಸಿದವು. ಇದರಿಂದ ಎರಡು ಕಡೆ ಪೆಟ್ಟು. ಒಂದು, ಜನರ ಕಣ್ಣಲ್ಲಿ ಅವನು ಪ್ರತಿ ಸಂಜೆ ಬ್ಯಾಟ್‌ಮನ್ ಆಗಿಯೇ ಇದ್ದ. ಪಾತ್ರ ಕೇಳಿಕೊಂಡು ಹೋದರೆ ನಿರ್ಮಾಪಕನ ಮಗ ನಿನ್ನೆ ಸಂಜೆಯಷ್ಟೇ ಅವನನ್ನು ಮುಸುಕಿನಲ್ಲಿ ನೋಡಿರುತ್ತಾನೆ. ಎರಡು, ಆಗಿನ ನಟರ ಒಪ್ಪಂದಗಳಲ್ಲಿ ಮರುಪ್ರಸಾರದ ಹಣ ಮೊದಲ ಕೆಲವು ಸಲಕ್ಕೆ ಮಾತ್ರ. ಎಷ್ಟು ಸಲ ತೋರಿಸಿದರೂ ಹಣ ಕೊಡಬೇಕು ಎಂಬ ಒಪ್ಪಂದ ಅಮೆರಿಕದ ನಟರ ಸಂಘಕ್ಕೆ ಸಿಕ್ಕಿದ್ದು 1974ರಲ್ಲಿ. ಅಂದರೆ ಮುಖ ಸವೆಯುತ್ತಿದೆ, ಕೈಗೆ ಕಾಸು ಬರುತ್ತಿಲ್ಲ.

ಹೊಟ್ಟೆಪಾಡು ಕೇಳಬೇಕಲ್ಲ. ಓಡಿಹೋದ ಮುಸುಕಿಗೇ ಮರಳಿದ. ಕಾರ್ ಪ್ರದರ್ಶನ, ಜಾತ್ರೆ, ಅಂಗಡಿ ಉದ್ಘಾಟನೆ, ಎಲ್ಲಿ ಕರೆದರೂ ಕೇಪ್ ತೊಟ್ಟು ಹೋದ. ನಡುವೆ ಸಾಧಾರಣಕ್ಕಿಂತ ಕೆಳಗಿನ ಸಿನಿಮಾಗಳು, ಹೆಸರು ಹೇಳುವುದು ಬೇಡ. 1989ರಲ್ಲಿ ಟಿಮ್ ಬರ್ಟನ್ ಬ್ಯಾಟ್‌ಮನ್ ಸಿನಿಮಾ ಮಾಡಿದಾಗ ತನ್ನನ್ನು ಒಂದು ಮಾತೂ ಕೇಳಲಿಲ್ಲ ಎಂಬ ನೋವು ವೆಸ್ಟ್‌ಗೆ ಇತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆಗ ಅವನಿಗೆ ಅರವತ್ತು ವರ್ಷ.

ಅವನನ್ನು ಎತ್ತಿದ್ದು ಕಂಠದಾನ. ನಾನು ಮೊದಲಿಂದ ಹೇಳುತ್ತಿರುವ ಮುಸುಕನ್ನು ಒಂದು ಸಲ ನೆನೆಸಿಕೊಳ್ಳಿ. ಕಣ್ಣು, ಹುಬ್ಬು, ಹಣೆ ಎಲ್ಲ ಮುಚ್ಚಿರುವವನು ನಟಿಸುವುದು ಯಾವುದರಿಂದ? ದನಿಯಿಂದ. ವಾಕ್ಯದ ನಡುವೆ ಬೇಡದ ಕಡೆ ನಿಲ್ಲಿಸುವುದು, ಆಮೇಲೆ ಒಂದೇ ಉಸಿರಿಗೆ ಓಡುವುದು, ಯಾವುದೋ ಸಣ್ಣ ಪದಕ್ಕೆ ಭಾರೀ ತೂಕ ಕೊಡುವುದು. ಮುಖಕ್ಕೆ ವಯಸ್ಸಾಯಿತು, ಹೊಟ್ಟೆ ಬಂತು, ಆ ದನಿ ಮಾತ್ರ ಹಾಗೇ ಉಳಿದಿತ್ತು. 1992ರಲ್ಲಿ ಬ್ಯಾಟ್‌ಮನ್ ಕಾರ್ಟೂನ್ ಸರಣಿಯವರು ಅವನನ್ನು ಕರೆದರು. ಬ್ಯಾಟ್‌ಮನ್ ಪಾತ್ರಕ್ಕಲ್ಲ. ಸೈಮನ್ ಟ್ರೆಂಟ್ ಎಂಬ ಹಳೆಯ ಟಿವಿ ನಟನ ಪಾತ್ರಕ್ಕೆ. ಈ ಟ್ರೆಂಟ್ ಒಂದು ಕಾಲದಲ್ಲಿ ಗ್ರೇ ಗೋಸ್ಟ್ ಎಂಬ ಮುಸುಕಿನ ವೀರನಾಗಿ ಹೆಸರು ಮಾಡಿ, ಆಮೇಲೆ ಬೇರೆ ಪಾತ್ರ ಸಿಗದೆ, ಬಾಡಿಗೆ ಕಟ್ಟಲು ಆ ಕಾಲದ ಸಾಮಾನುಗಳನ್ನು ಮಾರುವ ಸ್ಥಿತಿಗೆ ಬಂದವನು. ಅವನನ್ನು ಹುಡುಕಿಕೊಂಡು ಬರುವ ಬ್ಯಾಟ್‌ಮನ್ ಚಿಕ್ಕಂದಿನಲ್ಲಿ ಅವನ ಸೀರಿಯಲ್ ನೋಡಿ ಬೆಳೆದವನು. ಇಪ್ಪತ್ತೇ ಚಿಲ್ಲರೆ ನಿಮಿಷದ ಕಾರ್ಟೂನ್. ನಾನು ಇದನ್ನು ನಾಲ್ಕೈದು ಸಲ ನೋಡಿದ್ದೇನೆ, ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ವೆಸ್ಟ್ ಅಲ್ಲಿ ತಮಾಷೆ ಮಾಡುವುದಿಲ್ಲ. ಸೋತವನ ದನಿಯನ್ನು ಸುಮ್ನೆ ಇದ್ದ ಹಾಗೆ ಕೊಡುತ್ತಾನೆ. ಬರೀ ಮರದ ಬೊಂಬೆ ಎಂದುಕೊಂಡವರಿಗೆ ಉತ್ತರ ಬೇಕಿದ್ದರೆ ಅದು ಅಲ್ಲಿದೆ.

2000ದಿಂದ ಫ್ಯಾಮಿಲಿ ಗೈ ಕಾರ್ಟೂನ್‌ನಲ್ಲಿ ಒಂದು ಊರಿನ ತಲೆಕೆಟ್ಟ ಮೇಯರ್ ಆದ. ಮೇಯರ್ ಹೆಸರು ಆಡಮ್ ವೆಸ್ಟ್. ಬ್ಯಾಟ್‌ಮನ್ ಸುದ್ದಿಯೇ ಇಲ್ಲ. ನೂರಕ್ಕೂ ಹೆಚ್ಚು ಕಂತುಗಳಲ್ಲಿ ಆ ದನಿ ಇದೆ. ಆ ಹುಚ್ಚು ಮೇಯರ್‌ನಿಂದಲೇ ಮೊದಲು ಅವನನ್ನು ಗುರುತಿಸಿ, ಆಮೇಲೆ ಓ ಇವನು ಬ್ಯಾಟ್‌ಮನ್ ಕೂಡ ಆಗಿದ್ದನಾ ಎಂದು ಕೇಳುವ ಹುಡುಗರು ಬಂದರು. 2012ರಲ್ಲಿ, ಹೆಸರಾದವರ ಹೆಸರು ಬರೆದ ನಕ್ಷತ್ರಗಳನ್ನು ಕೂರಿಸುವ ಹಾಲಿವುಡ್ ಫುಟ್‌ಪಾತ್‌ನಲ್ಲಿ ಅವನ ಹೆಸರಿನ ನಕ್ಷತ್ರವೂ ಬಂತು. 2017ರ ಜೂನ್ 9ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ, 88 ವರ್ಷ. ಆರು ದಿನದ ನಂತರ ಲಾಸ್ ಏಂಜಲೀಸ್ ಸಿಟಿ ಹಾಲ್ ಕಟ್ಟಡದ ಮೇಲೆ ಬಾವಲಿ ಚಿಹ್ನೆಯ ಬೆಳಕು ಬಿಟ್ಟರು.

ವಾರ್ಡ್ ಇನ್ನೊಂದು ದಾರಿ ಹಿಡಿದ. ಹೆಂಡತಿಯ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಗ್ರೇಟ್ ಡೇನ್ ಥರದ ದೊಡ್ಡ ನಾಯಿಗಳನ್ನು ಸಾಕಿ ಬೇರೆ ಮನೆಗಳಿಗೆ ಸೇರಿಸುವ ಕೆಲಸ ಶುರು ಮಾಡಿದ, ನಾಯಿ ಊಟದ ವ್ಯಾಪಾರವನ್ನೂ ಮಾಡಿದ. ಅವನ ನಕ್ಷತ್ರ ಬಂದಿದ್ದು 2020ರಲ್ಲಿ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಇಷ್ಟೆಲ್ಲ ಆಗಿ ಜಾಸ್ತಿ ಬೆಲೆ ಬಂದಿದ್ದು ಯಾರಿಗೆ ಎಂದು ಒಬ್ಬರು ಕೇಳಿದರು. ಕಾರಿಗೆ ಸಾರ್. 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರನ್ನು ಜಾರ್ಜ್ ಬ್ಯಾರಿಸ್ ತಿದ್ದಿ ಬ್ಯಾಟ್‌ಮೊಬೈಲ್ ಮಾಡಿದ್ದ. 2013ರ ಹರಾಜಿನಲ್ಲಿ ಅದು 42 ಲಕ್ಷ ಡಾಲರ್‌ಗೆ ಹೋಯಿತು, ಕಮಿಷನ್ ಬೇರೆ.

ಕೊನೆಗೆ ಮೂಲೆಯಲ್ಲಿ ಕೂತಿದ್ದ ಹುಡುಗಿ ಮೀಸೆ ಎಂದು ನೆನಪಿಸಿದಳು. ಸೀಸರ್ ರೊಮೆರೊ 1930ರ ದಶಕದಿಂದ ಹಾಲಿವುಡ್‌ನಲ್ಲಿ ಸ್ಫುರದ್ರೂಪಿ ಪ್ರೇಮಿಯ ಪಾತ್ರಗಳನ್ನು ಮಾಡಿದವನು. ಬಿಳಿ ಸೂಟು, ಒಳ್ಳೆ ನೃತ್ಯ, ತೆಳ್ಳಗಿನ ಮೀಸೆ, ಅದೇ ಅವನ ಗುರುತು. ಜೋಕರ್ ಪಾತ್ರಕ್ಕೆ ಒಪ್ಪಿದ, ಹಸಿರು ಕೂದಲಿಗೆ ಒಪ್ಪಿದ, ಕೆಂಪು ತುಟಿಗೆ ಒಪ್ಪಿದ. ಮೀಸೆ ಬೋಳಿಸುವುದಿಲ್ಲ ಎಂದ. ಇವರು ಎಷ್ಟು ಕೇಳಿದರೂ ಇಲ್ಲ. ಕಡೆಗೆ ಮೀಸೆಯ ಮೇಲೇ ಬಿಳಿ ಬಣ್ಣ ಬಳಿದು ಶೂಟಿಂಗ್ ಮಾಡಿದರು. ಆಗಿನ ಟಿವಿಯಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ. ಸೀರಿಯಲ್ ಮುಗಿದ ಮೇಲೆ ಹದಿನೇಳು ವರ್ಷ ಕಳೆದು ಫಾಲ್ಕನ್ ಕ್ರೆಸ್ಟ್ ಎಂಬ ಇನ್ನೊಂದು ಸೀರಿಯಲ್‌ನಲ್ಲಿ ಶ್ರೀಮಂತ ವರನಾಗಿ ಬಂದಾಗಲೂ ಅದೇ ಮೀಸೆ ಇತ್ತು, ನರೆತಿತ್ತು ಅಷ್ಟೆ.

ಸೀರಿಯಲ್‌ನ ಹೊಸ ಡಿಸ್ಕ್‌ಗಳು 2014ರಲ್ಲಿ ಬಂದವು, ಅವುಗಳಲ್ಲಿ ಚಿತ್ರ ಬಹಳ ಸ್ಪಷ್ಟ. ಜೋಕರ್ ನಗುವಾಗ ಕ್ಲೋಸಪ್‌ನಲ್ಲಿ ನಿಲ್ಲಿಸಿ ನೋಡಿ ಎಂದು ಆ ಹುಡುಗಿಗೆ ಹೇಳಿದೆ. ಅವಳು ಅಲ್ಲೇ ಫೋನ್ ತೆಗೆದು ಒಂದು ಫೋಟೋ ಹುಡುಕಿದಳು, ಎರಡು ಬೆರಳಲ್ಲಿ ದೊಡ್ಡದು ಮಾಡಿದಳು. ಪಕ್ಕದವರೆಲ್ಲ ಬಗ್ಗಿದರು. ಬಿಳಿ ಬಣ್ಣದ ಕೆಳಗೆ, ಸುಣ್ಣ ಹೊಡೆದ ಗೋಡೆಯಲ್ಲಿ ಹಳೇ ಪೋಸ್ಟರ್ ಅಂಚು ಎದ್ದು ಕಾಣುವ ಹಾಗೆ, ಕೂದಲು ಕೂದಲಾಗಿ ಇತ್ತು.